ಒಡ್ಡು ಒಡೆದವಳು

ಒಡ್ಡು ಒಡೆದವಳು ನಾನೇ, ಸಿದ್ದಪ್ಪ ಕಾಕಾ. ನಿಮ್ಮ ಕುರಿಗಳಲ್ಲ. ಒಡೆದದ್ದಕ್ಕೆ ಇವತ್ತಿಗೂ ನನಗೆ ಚೂರೂ ಪಶ್ಚಾತ್ತಾಪವಿಲ್ಲ — ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಹುನಗುಂದದ ಕರಿ ಹೊಲಗಳಲ್ಲಿ ಒಡ್ಡು ಹಾಕುವವರು ಒಂದು ಕಡೆ ಕಲ್ಲಿನ ಕೋಡಿ ಬಿಡುತ್ತಾರೆ. ಹೆಚ್ಚಾದ ನೀರು ಮಣ್ಣು ಕೊಚ್ಚದೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ನಮ್ಮ ಮಾವ ಹಾಗೇ ಕಟ್ಟಿದ್ದರು. ಆದರೆ ಮಣ್ಣು ಉಳಿಸುವವರಿಗೆ ಸರಕಾರದ ಸಹಾಯಧನ ಬಂತಲ್ಲ — ಮನೆಯವರು ಜೆಸಿಬಿ ತರಿಸಿ, ಮಾವನ ಕೋಡಿಯನ್ನೂ ಮುಚ್ಚಿಸಿ, ಈ ತುದಿಯಿಂದ ಆ ತುದಿಗೆ ಗೋಡೆಯನ್ನೇ ಎಬ್ಬಿಸಿದರು. ಹಣ ಮಂಜೂರು ಮಾಡುವ ಸಾಹೇಬರ ಫೋಟೊದಲ್ಲಿ ಒಡ್ಡು ತುಂಡಾಗಿ ಕಾಣಬಾರದಂತೆ! ಕೋಡಿ ಬಿಡಿ ಎಂದೆ.

"ಸಾಹೇಬರಗಿಂತ ನಿನಗ ಭಾಳ ತಿಳೀತೈತೇನ?"

ಹೌದು, ತಿಳಿಯುತ್ತಿತ್ತು.

ಮಳೆ ಜಡಿ ಹಿಡಿಯಿತು. ಹೆಸರಿನ ಬೆಳೆ ನಿಂತ ನೀರಲ್ಲಿ ಕೊಳೆಯತೊಡಗಿತು. ಮನೆಯವರು ಇಳಕಲ್ಲಿಗೆ ಹೋದದ್ದೇ ತಡ, ಗುದ್ದಲಿ ಹಿಡಿದು ಹೊರಟೆ. ದಾರಿಯಲ್ಲಿ ನೀವು ಸಿಕ್ಕಿರಿ. "ಎಲ್ಲಿಗೆವ್ವಾ, ಇಂಥಾ ಮಳ್ಯಾಗ?" ಎಂದಿರಿ. ನಾನು ಸೆರಗು ಮುಂದೆಳೆದುಕೊಂಡು ನಡೆದೆ. ಹಳೆಯ ಕೋಡಿಯ ಜಾಗದಲ್ಲೇ ಅಗೆದೆ. ನೀರು ಹೊರಟಿತು, ಹಸಿ ಮಣ್ಣು ದೊಪ್ಪೆಂದು ಕುಸಿಯಿತು — ಎಷ್ಟು ಖುಷಿಯಾಯಿತು, ಕಾಕಾ!

ಸಾಹೇಬರು ನೋಡಲು ಬಂದಾಗ ಕೆಸರಲ್ಲಿ ಕುರಿಗಳ ಹೆಜ್ಜೆಗಳಿದ್ದವು. ನಿಮ್ಮ ಹಿಂಡು ಪಕ್ಕದ ಬೀಳು ಹೊಲದಲ್ಲಿತ್ತಲ್ಲ. ಕುರಿ ತುಳಿದೇ ಒಡ್ಡು ಒಡೆದಿದೆ ಎಂದರು ಮನೆಯವರು. ನಂಬಿಯೇ ಹೇಳಿದರು. ನಿಜ ಗೊತ್ತಿದ್ದವಳು ನಾನೊಬ್ಬಳೇ — ನಾವೇ ಒಡೆದದ್ದೆಂದರೆ ಸಹಾಯಧನ ನಿಲ್ಲುತ್ತದೆಂಬುದೂ ಗೊತ್ತಿತ್ತು.

ನೀವು ರುಮಾಲು ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ, ನನ್ನನ್ನೇ ಕೇಳಿದಿರಿ:

"ನೀ ಆವತ್ತ ಹೊಲಕ್ಕ ಬಂದಿದ್ದೆಲ್ಲವ್ವಾ. ನನ್ನ ಕುರಿ ಒಡ್ಡ ಹತ್ತಿದ್ದು ಕಂಡೀಯೇನ?"

"ನಾ ಹೊಲಕ್ಕ ಬಂದೇ ಇಲ್ರಿ, ಕಾಕಾ."

ನೀವು ನನ್ನ ಮುಖವನ್ನೇ ನೋಡಿದಿರಿ. ಗುದ್ದಲಿಯ ಮಾತು ಎತ್ತಲಿಲ್ಲ. ಎತ್ತಬೇಕಿತ್ತು! ಯಾಕೆ ಎತ್ತಲಿಲ್ಲ ಎಂದು ನಿಮ್ಮ ಮೇಲೆಯೇ ಸಿಟ್ಟಾಗಿದ್ದೇನೆ ಎಷ್ಟೋ ಸಲ — ನೋಡಿ, ಎಂಥ ಹೆಂಗಸು ನಾನು.

ಆಮೇಲೆ ಊರಲ್ಲಿ ಯಾರೂ ನಿಮ್ಮ ಹಿಂಡಿಗೆ ಹೊಲ ಬಿಡಲಿಲ್ಲ. ಗೊಬ್ಬರಕ್ಕೆಂದು ಕರೆದು ಕುರಿ ನಿಲ್ಲಿಸಿಕೊಳ್ಳುತ್ತಿದ್ದವರೂ ಬಾಗಿಲಿನಿಂದಲೇ ವಾಪಸು ಕಳಿಸಿದರು. ಅರ್ಧ ಕುರಿ ಮಾರಿದಿರಂತೆ. ನಮಗೆ ಸಹಾಯಧನ ಬಂತು. ಉಂಡೆವು.

ಮಣ್ಣಿಗೆ ನಾನು ಮಾಡಿದ್ದು ಸರಿ. ನಿಮಗೆ ಮಾಡಿದ್ದು ಪಾಪ. ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡುವುದು ಇನ್ನು ನನ್ನಿಂದಾಗದು.

ನಾಳೆ ಮತ್ತೆ ಸಾಹೇಬರು ಹೊಸ ಒಡ್ಡುಗಳನ್ನು ನೋಡಲು ಬರುತ್ತಾರೆ, ಊರೆಲ್ಲ ಸೇರುತ್ತದೆ. ಹಣ ವಾಪಸು ಕೇಳಿದರೆ ಕೇಳಲಿ, ಮನೆಯವರು ಮಾತು ಬಿಟ್ಟರೆ ಬಿಡಲಿ. ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ಅದೇ ಗುದ್ದಲಿ ಹೊತ್ತು ಅದೇ ದಾರಿಯಲ್ಲಿ ಬರುತ್ತೇನೆ, ಕಾಕಾ. ಎಲ್ಲರೆದುರು, ಎಲ್ಲಿಗೆಂದು ಕೇಳಿ. ಈ ಸಲ ನಿಂತು ಹೇಳುತ್ತೇನೆ.