ಖಾಲಾನ ಮನೆಯಲ್ಲಿ ನಮ್ಮ ಬೆಕ್ಕುಗಳು

ಎಪ್ಪತ್ತರ ದಶಕದ ಕೊನೆ. ಸಮ್ಮರ್ ವೆಕೇಶನ್‌ಗೆ ಮನೆಮಂದಿಯೆಲ್ಲ ಹದಿನೈದು ದಿನ ಖಾನಾಪುರದ ನನ್ನ ತವರಿಗೆ ಹೊರಟಿದ್ದೆವು. ಎರಡು ಬೆಕ್ಕುಗಳನ್ನು ಯಾರಿಗೆ ಒಪ್ಪಿಸುವುದು ಎಂಬುದೇ ಪ್ರಾಬ್ಲೆಮ್. ಬೆಳಗಾವಿಯ ನಮ್ಮ ಓಣಿಯಲ್ಲಿ ಅವುಗಳ ಮೇಲೆ ಜೀವ ಇಟ್ಟುಕೊಂಡಿದ್ದವರು ಬಾಜೂಮನೆಯ ಮುಸ್ಲಿಂ ಹೆಂಗಸು ಒಬ್ಬರೇ. ನಮಗೆಲ್ಲ ಅವರು ಖಾಲಾ. ಆದರೆ ನಮ್ಮದು ಲಿಂಗ ಕಟ್ಟಿದ ಮನೆ. ಅತ್ತೆ ಕಡ್ಡಿ ಮುರಿದಂತೆ ಹೇಳಿದರು: “ಅವರ ಮನ್ಯಾಗ ಖಂಡ ತಿಂದ್ವು ಅಂದ್ರ, ತಿರುಗಿ ನಮ್ಮ ಮನಿಯೊಳಗ ಬರೂಹಂಗಿಲ್ಲ.”

ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿಸಿದ ದುಂಡಕ್ಷರದಲ್ಲಿ ಇನ್‌ಸ್ಟ್ರಕ್ಷನ್ಸ್ ಬರೆದುಕೊಂಡು ಹೋದೆ. ಹಾಲು, ಹಾಲಿನಲ್ಲಿ ನೆನೆಸಿದ ರೊಟ್ಟಿ. ಮಾಂಸ ಸ್ಟ್ರಿಕ್ಟ್‌ಲಿ ನೋ. ಖಾಲಾಗೆ ಓದಲು ಬಾರದೆಂಬುದು ಅಲ್ಲಿಗೆ ಹೋದ ಮೇಲೆ ಹೊಳೆದು, ನಾನೇ ಓದಿ ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಇಲಿ ಏನ ಬದನಿಕಾಯೇನ, ಬೇಟಿ?”

“ಅದು ಅವುಗಳ ಡ್ಯೂಟಿ ಅಂತ, ಖಾಲಾ. ಅತ್ತಿಯವರು ಅದನ್ನ ಲೆಕ್ಕಕ್ಕ ಹಿಡ್ಯೂದಿಲ್ಲ.”

“ಆತ ಬಿಡವಾ. ಒಂದ ತುಂಡೂ ಮುಟ್ಟಾಕ ಬಿಡೂದಿಲ್ಲ. ಕಸಮ್.”

ತವರಿನ ಮಾವಿನಹಣ್ಣು, ಗುಂಜಿಯ ಕಾಡಿನಂಚಿನ ಪಿಕ್‌ನಿಕ್, ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಒಂದು ಎಲುಬು ನೆಕ್ಕಿದರೂ ಅವು ಬೀದಿಪಾಲು. ನನ್ನ ಮಾತಿಗೆ ಅತ್ತೆ ಕರಗುವವರಲ್ಲ.

ಮರಳಿ ಬಂದಾಗ ಎರಡೂ ಖಾಲಾನ ಅಂಗಳದಲ್ಲಿ ಗುಂಡುಗುಂಡಗೆ ಮೈಚಾಚಿ ಮಲಗಿದ್ದವು. ಉದ್ಯಮಬಾಗದ ಫೌಂಡ್ರಿಯಿಂದ ಆಗಷ್ಟೇ ಬಂದ ಖಾಲಾನ ಗಂಡ ಸೈಕಲ್ ಒರಗಿಸಿ ಅತ್ತೆಗೆ ಕೈಮುಗಿದರು.

“ಬಂದ್ರ್ಯಾ ಯವ್ವಾ? ಬದುಕಿಸಿದ್ರಿ! ಹದಿನೈದ ದಿನ ನಮ್ಮ ಮನ್ಯಾಗ ಬರೇ ಬ್ಯಾಳಿ. ಒಲಿ ಮ್ಯಾಲ ಗೋಷ್ ಇಟ್ರ ಇವು ಬಿಡ್ತಾವೇನ್ರಿ, ಕದ್ದ ತಿಂತಾವು ಅಂತ ಈಕಿ ತರಾಕ ಬಿಡಲಿಲ್ಲ. ಬೆಕ್ಕಿನ ಜೋಡಿ ನಾನೂ ಸ್ವಾಮಿ ಆದೆ!”

“ಸಾಕ ಸುಮ್ನಿರ್ರಿ,” ಖಾಲಾ ಒಳಗಿನಿಂದ ಗದರಿದರು. “ನಿಮ್ಮ ಹೊಟ್ಟಿ ಏನ ಕರಗಿಲ್ಲ.”

ಬೆಕ್ಕಿನ ಮುಂದೆ ಇಡಬೇಡಿ ಎಂದಷ್ಟೇ ನಾನು ಹೇಳಿದ್ದು. ಒಂದು ಇಡೀ ಸಂಸಾರ ನನ್ನ ಚೀಟಿಗೆ ಪಥ್ಯ ಹಿಡಿದಿತ್ತು! ಇವತ್ತಿಗೂ ಗಿಲ್ಟಿ ಅನ್ನಿಸುತ್ತದೆ. ಅತ್ತೆ ಕಂಪೌಂಡಿನ ಮೇಲೆ ಕೈಯೂರಿ ಒಳಗಿದ್ದವರನ್ನು ಕರೆದರು.

“ತಂಗೀ, ನಾಳಿ ನಿನ್ನ ಅಡಗಿ ನೀ ಮಾಡು. ಇವಕ್ಕೂ ಒಂದ ತುಣುಕ ಹಾಕು.”

ಮರುದಿನ ಮಧ್ಯಾಹ್ನ ಕರಿ ಬೆಕ್ಕು ಮೀಸೆ ನೆಕ್ಕುತ್ತ ಬಂತು. ಅತ್ತೆ ಒಮ್ಮೆ ಅದರ ಮುಖ ನೋಡಿದರು. ಚಾಪೆಯ ಮೇಲೆ ಚಾಚಿದ್ದ ಕಾಲು ಮಡಚಿ ಅದಕ್ಕೆ ಜಾಗ ಮಾಡಿಕೊಟ್ಟರು.