ಗೋಮಾಳವೋ ಹೈಸ್ಕೂಲೋ

ಕೂತಲ್ಲಿ ಕೂರುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಆ ಬೇಸಿಗೆಯಲ್ಲಂತೂ ಮನೆಗೂ ಬೀದಿಗೂ ಸುಮ್ಮನೆ ಓಡಾಡಿದ್ದೇ ಓಡಾಡಿದ್ದು. ತೊಂಬತ್ತರ ದಶಕ ಅದು. ಏಳನೇ ಕ್ಲಾಸು ಆಗಷ್ಟೇ ಮುಗಿದಿತ್ತು. ಮುಂದೆ ಓದಬೇಕೆಂದರೆ ಹೊಳಲ್ಕೆರೆಗೇ ಹೋಗಬೇಕು. ತಾಳ್ಯದ ಕಡೆಯ ನಮ್ಮ ಊರಿಗೆ ಬಂದರೆ ಬಂತು, ಇಲ್ಲವೆಂದರೆ ಇಲ್ಲ ಎನ್ನುವಂಥ ಬಸ್ಸು. ಅದನ್ನು ನಂಬಿ ಹೆಣ್ಣುಮಕ್ಕಳನ್ನು ಕಳಿಸಿದ ಮನೆ ನಮ್ಮ ಹಟ್ಟಿಯಲ್ಲಿ ಒಂದೂ ಇರಲಿಲ್ಲ. ಅಜ್ಜಿಯಂತೂ "ಓದಿದ್ದು ಸಾಕು, ಕುರಿ ಹಿಂದೆ ಹೋಗ್ಲಿ" ಎಂದು ತೀರ್ಪು ಕೊಟ್ಟಾಗಿತ್ತು.

ಅಷ್ಟರಲ್ಲಿ ಪಂಚಾಯ್ತಿಯವರು ಗ್ರಾಮಸಭೆ ಕರೆದರು. ವಿಷಯ ಒಂದೇ. ಊರ ಪಕ್ಕದ ಗೋಮಾಳವನ್ನು ಹೈಸ್ಕೂಲಿಗೆ ಬಿಟ್ಟುಕೊಡಬಹುದೋ, ಬೇಡವೋ? ಜನ ಕೈ ಎತ್ತಿ ಹೇಳಬೇಕು. ಜನ ಹೇಳಿದ್ದನ್ನು ಮೇಲಿನವರು ಕೇಳಲೇಬೇಕೆಂದೇನೂ ಇರಲಿಲ್ಲ, ಅದು ಬರೀ ಅಭಿಪ್ರಾಯ. ಆದರೆ ಆ ವ್ಯತ್ಯಾಸ ಆಗ ನನಗೆ ಎಲ್ಲಿ ಗೊತ್ತು? ನನ್ನ ಪಾಲಿಗೆ ಕೈ ಎದ್ದರೆ ಸ್ಕೂಲು, ಏಳದಿದ್ದರೆ ಕುರಿ.

ನಾವು ಕುರಿಯವರು. ಆ ಗೋಮಾಳದ ಹುಲ್ಲು ತಿಂದೇ ನಮ್ಮ ಮಂದೆ ಬದುಕಿತ್ತು. ಸಭೆಯ ಹಿಂದಿನ ದಿನ ಹಟ್ಟಿಯ ಗಂಡಸರೆಲ್ಲ ಗುಡಿ ಮುಂದೆ ಕಂಬಳಿ ಹಾಸಿ ಕೂತು, ಯಾರೂ ಕೈ ಎತ್ತಕೂಡದೆಂದು ಮಾತು ಮಾಡಿಕೊಂಡರು. ನಮ್ಮಲ್ಲಿ ಕಂಬಳಿಯ ಮೇಲೆ ಕೂತು ಕೊಟ್ಟ ಮಾತೆಂದರೆ ಮುಗಿಯಿತು. ಅದನ್ನು ಮುರಿದವನ ಮನೆಯಲ್ಲಿ ಯಾರೂ ನೀರು ಕೂಡ ಮುಟ್ಟುವುದಿಲ್ಲ. ಅಪ್ಪನೂ ಕೂತಿದ್ದ, ಅಪ್ಪನೂ ಮಾತು ಕೊಟ್ಟಿದ್ದ. ಸಿಟ್ಟಿಗೆ ನಾನು ಊಟ ಬಿಟ್ಟೆ. ಯಾರೂ ಕರೆಯಲಿಲ್ಲವಾದ್ದರಿಂದ ನಾನೇ ಹೋಗಿ ಬಡಿಸಿಕೊಂಡು ಉಂಡೆ.

ಮಾರನೇ ದಿನ ಪ್ರೈಮರಿ ಸ್ಕೂಲಿನ ಬಯಲಲ್ಲಿ, ಬೇವಿನ ಮರದ ಕೆಳಗೆ ಸಭೆ ಸೇರಿತು. ಹೈಸ್ಕೂಲು ಬೇಕೆನ್ನುವ ಹೊಲದವರು, ತೋಟದವರು ಒಂದು ಕಡೆ, ಕುರಿಯವರು ಇನ್ನೊಂದು ಕಡೆ. ಹೆಂಗಸರು ಒಬ್ಬರೂ ಇರಲಿಲ್ಲ. ಬರಬೇಡಿ ಎಂದವರೂ ಇರಲಿಲ್ಲ, ಬರುವುದು ವಾಡಿಕೆಯಲ್ಲ ಅಷ್ಟೆ. ಪಂಚಾಯ್ತಿ ಸೆಕ್ರೆಟರಿ "ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಗಂಟಲು ಹರಿದುಕೊಂಡರೂ ಒಬ್ಬರು ಕೂತರೆ ಇನ್ನೊಬ್ಬರು ಏಳುತ್ತಿದ್ದರು. ತಲೆ ನೋಡಿದರೆ ಎರಡೂ ಕಡೆ ಹೆಚ್ಚುಕಮ್ಮಿ ಸಮ. ಕಾಂಪೌಂಡಿನ ಹತ್ತಿರ ನಿಂತು ನಾನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಅಪ್ಪ ಒಮ್ಮೆ ನನ್ನತ್ತ ನೋಡಿದ. ಆಮೇಲೆ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗಪ್ಪ?" ಎಂದು ಪಕ್ಕದವರು ಕೇಳಿದರು.

"ಕುರಿಗೆ ನೀರು ತೋರಿಸ್ಬೇಕು," ಎಂದು ಹೊರಟೇಬಿಟ್ಟ.

ಮೈಯೆಲ್ಲ ಉರಿದುಹೋಯಿತು ನನಗೆ. ಕೈ ಎತ್ತದಿದ್ದರೆ ಹಾಳಾಗಲಿ, ಕೂರುವುದಕ್ಕೂ ಆಗದೇ? ಇವತ್ತು ಕೇಳಿಯೇಬಿಡುತ್ತೇನೆಂದು ಹಿಂದೆಯೇ ಓಡಿದೆ.

ಅಪ್ಪ ಕುರಿ ರೊಪ್ಪದ ಕಡೆ ತಿರುಗಲೇ ಇಲ್ಲ, ನೆಟ್ಟಗೆ ಮನೆಗೆ ಬಂದ. ಅವ್ವ ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದಳು. ಅಪ್ಪ ಹೊಸ್ತಿಲಾಚೆಯೇ ನಿಂತು, "ಕಂಬಳಿ ಮ್ಯಾಲೆ ನಾನು ಮಾತು ಕೊಟ್ಟಿದೀನಿ. ನೀನು ಕೊಟ್ಟಿಲ್ಲ," ಎಂದ.

ಅವ್ವ ಮೊರ ಕೆಳಗಿಡಲಿಲ್ಲ. "ಅದಕ್ಕೆ?"

"ನಿನಗೂ ಓಟೈತೆ."

ಅವ್ವ ಅವನನ್ನೇ ನೋಡಿದಳು. "ಗೋಮಾಳ ಹೋದ್ರೆ ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ತೀಯ?"

"ಅದು ನನ್ನ ಪಾಡು. ನೀನು ನಡಿ."

ಅವ್ವ ಸೆರಗು ಸರಿಮಾಡಿಕೊಂಡು ಹೊರಟಳು. ದಾರಿಯಲ್ಲಿ ಹೆಣ್ಣುಮಕ್ಕಳಿದ್ದ ಮನೆಗಳ ಮುಂದೆ ನಿಂತು, "ಬರ್ರೇ, ಹೋಗಾಣ" ಎಂದು ಕರೆದಳು. ಕೆಲವರು ಬಂದರು, ಕೆಲವರು ಬಾಗಿಲು ಮುಂದಕ್ಕೆ ಹಾಕಿಕೊಂಡರು. ಸಭೆಯ ಬಯಲಿಗೆ ಹೆಂಗಸರು ಕಾಲಿಟ್ಟದ್ದೇ ಎಲ್ಲರೂ ತಿರುಗಿ ನೋಡಿದರು. ನಮ್ಮ ಹಟ್ಟಿಯ ಹಿರಿಯರೊಬ್ಬರು ತಲೆಯ ಮೇಲೆ ಕೈ ಹೊತ್ತು, "ಲೇ, ಇವರ ಮಾತು ತಗಳ್ಳೋದೇ ಮರ್ತ್ವಲ್ಲೋ!" ಎಂದರು. ಮರೆತದ್ದೇನಲ್ಲ, ಹೆಂಗಸರ ಮಾತು ಬೇಕಾಗುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಎದುರಿಗೇ ದೊಡ್ಡಪ್ಪ ಕೂತಿದ್ದ. ಅಲ್ಲಿಯವರೆಗೆ ಅವ್ವ ಆ ಭಾವನ ಮುಂದೆ ನಿಂತು ಗಟ್ಟಿಯಾಗಿ ಮಾತಾಡಿದವಳಲ್ಲ. ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈ ಎತ್ತಿದಳು. ಜೊತೆಗೆ ಬಂದ ಹೆಂಗಸರೂ ಒಬ್ಬೊಬ್ಬರಾಗಿ ಎತ್ತಿದರು. ನನಗೆ ಎಷ್ಟು ಹೆಮ್ಮೆಯೋ ಅಷ್ಟೇ ಭಯವಾಯಿತು. ಹೈಸ್ಕೂಲಿನ ಕಡೆಯವರು ಗೆದ್ದರು.

ಗೋಮಾಳಕ್ಕೆ ಕಲ್ಲುಕಂಬ ನೆಟ್ಟು ತಂತಿ ಬಿಗಿದದ್ದು ಬೇಗ ಆಯಿತು. ಹೈಸ್ಕೂಲು ಬರಲಿಲ್ಲ. ಮೇಲಿನವರಿಗೆ ನಮ್ಮ ಅಭಿಪ್ರಾಯ ಅರ್ಧ ಮಾತ್ರ ಕೇಳಿಸಿತ್ತು. ಇಂದಿಗೂ ಯಾರಾದರೂ "ಜನಾಭಿಪ್ರಾಯ ಕೇಳೋಣ" ಎಂದರೆ ನನಗೆ ಆ ತಂತಿ ಬೇಲಿಯೇ ಕಣ್ಣಿಗೆ ಬರುತ್ತದೆ. ಹಟ್ಟಿಯಲ್ಲಿ ಅವ್ವನನ್ನು ಕಂಡರೆ ಮುಖ ತಿರುಗಿಸುವವರು ಹೆಚ್ಚಾದರು. ಅಪ್ಪ ಬೆಳಕು ಹರಿಯುವ ಮೊದಲೇ ಮಂದೆ ಹೊಡೆದುಕೊಂಡು ಹೋಗಿಬಿಡುತ್ತಿದ್ದ.

ಸ್ಕೂಲು ಶುರುವಾಗುವ ದಿನ ಹತ್ತಿರ ಬಂದಾಗ ಅಜ್ಜಿ, "ಇಸ್ಕೂಲೂ ಇಲ್ಲ, ಹುಲ್ಲೂ ಇಲ್ಲ. ಈಗ್ಲಾದ್ರೂ ಇವಳನ್ನ ಕುರಿ ಹಿಂದೆ ಕಳ್ಸು," ಎಂದಳು.

"ಊರೆಲ್ಲ ನೋಡಂಗೆ ಕೈ ಎತ್ತಿದೀನಿ ಅತ್ತೆ," ಎಂದಳು ಅವ್ವ. "ಇವಳು ಓದ್ಲಿ ಅಂತ ಎತ್ತಿದ್ದು. ಸರ್ಕಾರ ಕೈ ಬಿಟ್ರೆ ಬಿಟ್ಕಳ್ಳಿ. ನಾನು ಬಿಡಲ್ಲ."

ಹೊಳಲ್ಕೆರೆಯ ಬಸ್ಸಿಗೆ ಅವ್ವನೇ ಹತ್ತಿಸಿದಳು. ಊರು ದಾಟಿ, ನನಗೆ ಗುರುತಿದ್ದ ಹೊಲಗಳೆಲ್ಲ ಹಿಂದಾಗಿ ಬಹಳ ಹೊತ್ತಾದ ಮೇಲೆ ಡ್ರೈವರು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ. ರಸ್ತೆ ತುಂಬ ಕುರಿ. ಅವುಗಳನ್ನು ಅವಸರವಾಗಿ ಪಕ್ಕಕ್ಕೆ ಹೊಡೆಯುತ್ತಿದ್ದವನು ಅಪ್ಪ. ಹುಲ್ಲಿಗಾಗಿ ಅಷ್ಟು ದೂರ ನಡೆಯುತ್ತಿದ್ದೇನೆಂದು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.