ಅವ್ವ ಕೆಚ್ಚಿದ ಹಾಸು

ನನ್ನ ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. "ಬಿಡಬೇ ಆಯಿ, ಆಗಿದ್ದು ಆತು" ಎಂದು ಮೊಮ್ಮಕ್ಕಳು ಹೇಳುತ್ತಾರೆ. ಅವರದೇನು ಹೋಗಿದೆ, ಹೇಳುತ್ತಾರೆ.

ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಪಡಸಾಲೆಯ ತುಂಬ ಕುಣಿಮಗ್ಗಗಳು. ನೇಯುವವನು ನೆಲದೊಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ದೊಡ್ಡಪ್ಪನ ಹೆಸರು ನಡೆಯುತ್ತಿದ್ದದ್ದು ಮದುವೆ ಸೀರೆಗೆ. ಧಾರೆಯ ಹೊತ್ತಿಗೆ ಮದುಮಗಳು ಉಡುವ ಸೀರೆ ನಮ್ಮ ಮನೆಯದೇ ಆಗಬೇಕೆಂದು ರೋಣದಿಂದ, ನರಗುಂದದಿಂದ, ಬೆಳವಣಕಿಯಿಂದ ಜನ ಬರುತ್ತಿದ್ದರು. ಅಂಥ ಸೀರೆಗೆ ಒಂದು ಕಟ್ಟುಪಾಡಿತ್ತು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತು ಮಾಡುವ ಹೆಂಗಸರ ಕೆಲಸ ಅದು. ಮದುವೆ ಸೀರೆಯ ಹಾಸನ್ನು ಮುತ್ತೈದೆಯೇ ಕೆಚ್ಚಬೇಕು. ಗಂಡ ಸತ್ತವಳ ಕೈ ತಾಗಿದರೆ ಆ ಸೀರೆ ಉಟ್ಟವಳ ತಾಳಿಗೆ ಕೇಡು ಎಂದು ನಂಬಿಕೆ. ದೊಡ್ಡವ್ವ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಮುತ್ತೈದೆ ಎಂದರೆ ನನ್ನ ಅವ್ವನೊಬ್ಬಳೇ. ಅವಳಷ್ಟು ಚೊಕ್ಕವಾಗಿ ಕೆಚ್ಚುವವರು ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ.

ದೊಡ್ಡ ಯುದ್ಧದ ಕಾಲಕ್ಕೆ ನೂಲಿಗೆ ಕಂಟ್ರೋಲ್ ಬಂತು. ಹೆಚ್ಚಿನ ಮಗ್ಗಗಳು ನಿಂತವು. ಅಣ್ಣನ ಕೈ ನೋಡಿಕೊಂಡು ಕೂಡುವುದಕ್ಕಿಂತ ದಂಡಿಗೆ ಸೇರುವುದೇ ಲೇಸು ಎಂದು ಅಪ್ಪ ಹೊರಟ. ಹೊಳೆಆಲೂರಿನ ಸ್ಟೇಷನ್ನಿಗೆ ಅವ್ವ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಹೋಗಿದ್ದಳಂತೆ. ಅಪ್ಪನ ಜೊತೆ ನರಗುಂದದವನೊಬ್ಬ ಅದೇ ಗಾಡಿ ಹತ್ತಿದನಂತೆ. ಆಮೇಲೆ ಅಪ್ಪನ ಒಂದೆರಡು ಕಾಗದ ಬಂದವು, ನಿಂತವು. ಯುದ್ಧ ಮುಗಿಯಿತು, ಇಂಗ್ಲಿಷರೂ ಹೋದರು, ಅಪ್ಪ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

ಸುದ್ದಿ ಇಲ್ಲದ ಕಡೆ ಊರು ತಾನೇ ಸುದ್ದಿ ಹುಟ್ಟಿಸುತ್ತದೆ. ರಂಗೂನಿನಲ್ಲಿ ಇನ್ನೊಬ್ಬಳನ್ನು ಮಾಡಿಕೊಂಡಿದ್ದಾನೆ, ಅಲ್ಲಿ ಮಕ್ಕಳೂ ಆಗಿವೆ ಎಂದರು. ಕಣ್ಣಾರೆ ಕಂಡು ಬಂದವರ ಹಾಗೆ ಆ ಹೆಂಗಸಿನ ಮೂಗಿನ ಆಕಾರವನ್ನೂ ಹೇಳಿದರು. ಅವ್ವನಿಗೆ ಬೆನ್ನ ಹಿಂದೆ 'ಗಂಡ ಬಿಟ್ಟಾಕಿ' ಎಂದು ಹೆಸರಾಯಿತು. ಹಾಸು ಕೆಚ್ಚಿಸಿಕೊಳ್ಳುವಾಗ ಮಾತ್ರ ಅವಳು ಎಲ್ಲರಿಗೂ ಮುತ್ತೈದೆ. ನಾನು ಮುಲ್ಕಿ ಪರೀಕ್ಷೆ ಪಾಸಾಗಿ ರೋಣದ ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಕೆ ಹಿಡಿದ ಮೇಲೆ ನನ್ನನ್ನು ನೋಡಲು ಬಂದ ಗಂಡಿನವರೂ ಅದನ್ನೇ ಕೇಳಿ, ಚಹಾ ಕುಡಿದು, ಎದ್ದು ಹೋದರು.

ಅಂಥ ಒಂದು ದಿನ ಅವ್ವ ಬೂದಿ ಮೆತ್ತಿದ ಬೆರಳು ಒರೆಸಿಕೊಳ್ಳುತ್ತ ಹೇಳಿದಳು. "ನೀ ನಾಕ ಅಕ್ಷರ ಕಲತೀದಿ. ನಮ್ಮನಿಯವರು ನನ್ನ ಬಿಟ್ಟು ಹೋದ್ರೋ, ಸತ್ತು ಹೋದ್ರೋ, ಅದೊಂದು ಹುಡಿಕಿ ಕೊಡು. ಎರಡರಾಗ ಯಾವುದಾದ್ರೂ ಆಗವಲ್ದ್ಯಾಕ, ನನಗ ಗೊತ್ತಾಗಬೇಕು."

ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು ಅದು. ರೋಣದ ಕಚೇರಿಯಲ್ಲಿ ಹಳೆಯ ದಫ್ತರಗಳನ್ನೆಲ್ಲ ಒಂದು ಕೋಣೆಗೆ ಎತ್ತಿ ಒಗೆದಿದ್ದರು. ಯುದ್ಧಕ್ಕೆ ಹೋದವರ ಕಾಗದವೂ ಅದರಲ್ಲೇ ಇದೆ ಎಂದು ತಿಳಿದು ಅವ್ವನನ್ನು ಕರೆದುಕೊಂಡು ಹೋದೆ. ಕಾರಕೂನ ಅವ್ವನನ್ನು ಕೇಳಿದ, "ಗಂಡನ ಹೆಸರೇನ್ರಿ?" ಅವ್ವ ಸೆರಗು ಮುಂದಕ್ಕೆಳೆದುಕೊಂಡು ನನ್ನ ಮುಖ ನೋಡಿದಳು.

"ಗಂಡನ್ನ ಹುಡಕಾಕ ಬಂದೀರಿ, ಹೆಸರು ಹೇಳಂಗಿಲ್ಲ ಅಂದ್ರ ಹ್ಯಾಂಗವ್ವಾ?" ಎಂದು ಅವನು ನಕ್ಕ. ಸುತ್ತ ಕೂತವರೂ ನಕ್ಕರು. ನಾನು ಹೆಸರು ಹೇಳಿದೆ. ಆತ ಗಜೇಂದ್ರಗಡದ ಕಟ್ಟು ಬಿಚ್ಚಿ, ಧೂಳು ನನ್ನ ಕಡೆಗೇ ಝಾಡಿಸಿ, ಆ ಹೆಸರಿನ ನೇಕಾರ ಯಾರೂ ಸೈನ್ಯಕ್ಕೆ ಹೋಗಿಲ್ಲ ಎಂದು ಮತ್ತೆ ಕಟ್ಟಿಟ್ಟ. ಅಂದರೆ ಅಪ್ಪ ಯುದ್ಧಕ್ಕೇ ಹೋಗಿರಲಿಲ್ಲವೇ? ಊರವರು ಹೇಳಿದ್ದೇ ಖರೆ ಎಂದು ಅವ್ವನಿಗೆ ಅನಿಸಿದ್ದು ಬಸ್ಸಿನಲ್ಲಿ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಉಳಿದದ್ದು ನರಗುಂದದವನು. ಹೆಸರು ಗೊತ್ತಿರಲಿಲ್ಲ; ಆದರೆ ದಂಡಿನಿಂದ ತಿರುಗಿ ಬಂದವರು ಊರಿಗೆಲ್ಲ ಗೊತ್ತಿರುತ್ತಾರೆ. ಗುಡ್ಡದ ಕೆಳಗೆ ಚಹಾದಂಗಡಿ ಇಟ್ಟಿದ್ದ. ಅವ್ವನನ್ನು ಕಂಡವನೇ ಎದ್ದು ನಿಂತು ಬೆಂಚು ಒರೆಸಿದ.

"ನಾವಿಬ್ರೂ ಜೋಡೀಲೆ ಭರ್ತಿ ಆದಿವಿ, ತಂಗೆವ್ವ. ಆಮ್ಯಾಲ ನನ್ನ ಪಶ್ಚಿಮದ ಕಡೆ ಹಡಗು ಹತ್ತಿಸಿದ್ರು, ಅಂವನ್ನ ಬರ್ಮಾದ ಕಡೆ ಕಳಿಸಿದ್ರು. ಅಲ್ಲಿಂದ ಮುಂದ ನನಗ ಗೊತ್ತಿಲ್ಲ."

ಕಚೇರಿಯಲ್ಲಿ ಹೆಸರೇ ಇಲ್ಲವಲ್ಲ ಎಂದೆ.

"ಹ್ಯಾಂಗ ಇರತೈತಿ? ನೇಕಾರ ಅಂದ್ರ ತಗೋತಿದ್ದಿಲ್ಲವಾ. ಮಗ್ಗದ ಕುಣ್ಯಾಗ ಇಳಿಬಿಟ್ಟ ಕಾಲು ಏನು ನಡೀತಾವು ಅಂತಿದ್ರು. ಅದಕ್ಕ ಒಕ್ಕಲುತನದಾಂವ ಅಂತ ಹೇಳಿದ, ಲಕ್ಕಲಕಟ್ಟಿ ಅಂತ ಊರು ಬರೆಸಿದ. ಅಂಗೈ ನೋಡಿ ಆರಸ್ತಾರ ಅಂತ ಕೇಳಿ, ಹೊಳೆಆಲೂರಾಗ ಹೊಳಿ ದಂಡಿ ಮ್ಯಾಲೆ ಕಲ್ಲಿಗೆ ಕೈ ತಿಕ್ಕಿ ತಿಕ್ಕಿ ಒರಟು ಮಾಡಿಕೊಂಡಿದ್ದ."

"ಮನಿಯವರು ಯಾರು ಅಂತ ಕೇಳಿದಾಗ ಏನು ಬರೆಸಿದ್ರಿ?" ಎಂದು ನಾನು ಕೇಳಿದೆ.

"ಅಣ್ಣನ ಹೆಸರು, ಗಜೇಂದ್ರಗಡದ ವಿಳಾಸ. ಮನಿ ಯಜಮಾನ್ರು ಅವರs ಅಲ್ಲೇನು? ಹೆಂಡ್ತಿ ಹೆಸರು ಮಂದ್ಯಾಗ ಯಾರು ಹೇಳ್ತಾರ? ನಾನೂ ನಮ್ಮಪ್ಪಂದs ಬರೆಸಿದ್ದು."

ಅವ್ವ ತಲೆಯಾಡಿಸಿದಳು, ಅವಳಿಗದು ಸರಿಯಾಗಿಯೇ ಕಂಡಿತು. ನನಗೆ ಮೈ ಉರಿಯಿತು. ಇವಳು ಅವನ ಹೆಸರು ಹೇಳುವುದಿಲ್ಲ, ಅವನು ಇವಳ ಹೆಸರು ಹೇಳುವುದಿಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು. ಅವರಿಬ್ಬರ ನಡುವೆ ಬರುವುದೆಲ್ಲ ದೊಡ್ಡಪ್ಪನ ಕೈ ಸೇರುವ ಹಾಗಾಯಿತು.

ಮತ್ತೆ ರೋಣ. ಈ ಸಲ ಲಕ್ಕಲಕಟ್ಟಿಯ ಒಕ್ಕಲಿಗರ ಕಟ್ಟು ತೆಗೆಸಿದೆ. ಕಾರಕೂನ ಗೊಣಗಿದ. ಬಿಚ್ಚಿದ. ಅಪ್ಪ ಸಿಕ್ಕ.

ಕಾರಕೂನ ಮೊದಲು ತಾನೇ ಓದಿಕೊಂಡ. ಆಮೇಲೆ ಅವ್ವನ ಹಣೆಯ ಕುಂಕುಮ ನೋಡಿದ. ಕಾಗದವನ್ನು ನನ್ನ ಕಡೆಗೆ ಸರಿಸಿ, "ನೀವs ಓದ್ರಿ ಬಾಯಾರ" ಎಂದ. ಆ ಹೊತ್ತಿಗೆ ಅವನ ಮೇಲಿದ್ದ ನನ್ನ ಸಿಟ್ಟು ಇಳಿಯಿತು. ಯುದ್ಧ ಮುಗಿಯುವ ಹಿಂದಿನ ಚಳಿಗಾಲ ಬರ್ಮಾದ ಗಡಿಯಲ್ಲಿ ಅಪ್ಪ ಸತ್ತಿದ್ದ. ಸುದ್ದಿಯನ್ನು ಈ ಕಚೇರಿಯ ಮೂಲಕ ಅಣ್ಣನಿಗೆ ತಿಳಿಸಲಾಗಿತ್ತು. ಕೆಳಗೆ ದೊಡ್ಡಪ್ಪನ ಸಹಿ ಇತ್ತು. ಸೀರೆಯ ಗಿರಾಕಿಗಳಿಗೆ ಚೀಟಿ ಬರೆದು ಮಾಡುವ ಅದೇ ಅಲಂಕಾರದ ಸಹಿ, ಕೊನೆಯ ಅಕ್ಷರದ ಬಾಲ ಸುತ್ತಿ ಮೇಲಕ್ಕೆ ಹೋದದ್ದು.

ನಾನು ಓದಿ ಹೇಳಿದೆ. ಅವ್ವ ಅಳಲಿಲ್ಲ. "ಅಂದ್ರ ಬಿಟ್ಟು ಹೋಗಿಲ್ಲ" ಎಂದಳು. ಅವಳ ಮುಖದ ಮೇಲೆ ಅಂದು ಕಂಡದ್ದನ್ನು ಸಂತೋಷ ಎಂದು ಕರೆಯಲು ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಅದು ಸಂತೋಷವೇ.

ಆಮೇಲೆ, ಸಂಕ್ರಾಂತಿಯ ಹಿಂದೆಯೋ ಮುಂದೆಯೋ ಎಂದು ಕೇಳಿದಳು. ಸಹಿಯ ತಾರೀಖು ನೋಡಿ ಸಂಕ್ರಾಂತಿಯ ಆಸುಪಾಸು ಎಂದೆ.

"ಆ ಸಂಕ್ರಾಂತಿಗೇ ಭಾವಾರು ಬಳಿಗಾರನ್ನ ಮನಿಗೇ ಕರಕೊಂಡು ಬಂದಿದ್ರು. ಕೈತುಂಬ ಹಸರ ಬಳಿ ಇಡಸಿದ್ರು. ತಮ್ಮ ಬರೂತನಾ ನನ್ನ ಕೈ ಬರಿದು ಕಾಣಬಾರದು ಅಂತ ಇಡಸ್ಯಾರ ಅಂದುಕೊಂಡು ನಾ ಅವರ ಕಾಲಿಗೆ ಬಿದ್ದಿದ್ನಲ್ಲ."

ನನಗೆ ಎಲ್ಲ ಸ್ಪಷ್ಟವಾಯಿತು. ತಮ್ಮ ಸತ್ತ ಸುದ್ದಿಗೆ ರುಜು ಹಾಕಿ ರೋಣದಿಂದ ಬರುತ್ತ ಬಳೆಗಾರನನ್ನು ಕರೆತಂದಿದ್ದಾನೆ. ಸರಕಾರದ ಪಿಂಚಣಿಯನ್ನೂ ಅವನು ಕೇಳಲಿಲ್ಲ. ಕೇಳಿದರೆ ಅವ್ವ ವಿಧವೆಯೆಂದು ಬರೆದುಕೊಡಬೇಕಾಗುತ್ತಿತ್ತು. ಆಗ ಮದುವೆ ಸೀರೆಯ ಹಾಸು ಕೆಚ್ಚುವವರು ಯಾರು? ವಿಧವೆ ಎದುರಾಗುವ ಮನೆಗೆ ಮದುವೆ ಸೀರೆ ಕೇಳಿಕೊಂಡು ಬರುವವರು ಯಾರು?

ನಾನು ಅಂದೇ ಕೂಗಾಡಬೇಕೆಂದಿದ್ದೆ. ಅವ್ವ ಬಿಡಲಿಲ್ಲ. "ನೀ ಸುಮ್ಮನಿರು. ನಾನs ಮಾತಾಡತೀನಿ" ಎಂದಳು. ನಾನು ನಂಬಲಿಲ್ಲ. ಅವ್ವ ದೊಡ್ಡಪ್ಪನ ಎದುರು ನಿಂತು ಎಂದೂ ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ ನನ್ನ ಕಡೆ ಹೇಳಿಸುತ್ತಿದ್ದಳು. ಭಾವನ ಮುಂದೆ ಹಾಗೇ ಇರಬೇಕು, ನಮ್ಮಲ್ಲಿ.

ಮರುದಿನ ಬೆಳಿಗ್ಗೆ ರೋಣದ ಒಂದು ಮನೆತನದವರು ಮದುವೆ ಸೀರೆ ಹೇಳಿಹೋಗಲು ಬಂದಿದ್ದರು. ಜಮಖಾನ ಹಾಸಿತ್ತು. ದೊಡ್ಡಪ್ಪ ನಗುನಗುತ್ತ ದಡಿಯ ಬಣ್ಣ ತೋರಿಸುತ್ತಿದ್ದ. ಅವ್ವ ಒಳಗಿನಿಂದ ಬಂದಳು. ಹಣೆ ಬರಿದು, ಕೈ ಬರಿದು. ಬಳೆಗಳನ್ನು ಒಡೆಯದೆ ಕಳಚಿ ಉಡಿಯಲ್ಲಿ ಹಾಕಿಕೊಂಡಿದ್ದಳು. ಅವನ್ನು ದೊಡ್ಡಪ್ಪನ ಮುಂದೆ ಜಮಖಾನದ ಮೇಲೆ ಸುರಿದಳು.

"ಭಾವಾರ, ನೀವು ಇಡಸಿದ್ದು. ತಗೋರಿ."

ದೊಡ್ಡಪ್ಪನಿಗೆ ಅರ್ಥವಾಯಿತು. "ಒಳಗ ನಡಿ, ತಂಗಿ. ನಿನ್ನ ಕೈ ಬೋಳ ಆಗಬಾರದು ಅಂತ ನಾ..." ಎಂದ. ಅದರಲ್ಲಿ ಒಂದು ಗುಂಜಿಯಷ್ಟು ನಿಜವಿದ್ದೀತು. ಇದ್ದರೂ ನನಗೆ ಬೇಡ.

"ನನ್ನ ಬಳಿ ಅಲ್ಲ, ನಿಮ್ಮ ಮಗ್ಗ ಉಳಿಸಿಕೊಂಡ್ರಿ. ನಮ್ಮನಿಯವರು ಸತ್ತಾರ ಅಂತ ಅಳಾಕೂ ನನಗ ಬಿಡಲಿಲ್ಲ. ಓಡಿಹೋದ ಅಂತ ಮಂದಿ ನಕ್ಕಾಗ ನೀವೂ ಕೇಳಿದ್ರಿ. ಕೇಳಿಕೋಂತ ಸುಮ್ಮನ ನೇದ್ರಿ." ಆಮೇಲೆ ರೋಣದವರ ಕಡೆ ತಿರುಗಿ, "ಯುದ್ಧ ಮುಗಿಯೂ ಮೊದಲs ನನ್ನ ಗಂಡ ಸತ್ತಾರ. ಅಲ್ಲಿಂದ ಈ ಮನ್ಯಾಗ ನೇದ ಮದುವಿ ಸೀರಿ ಎಲ್ಲಾ ನಾನs ಕೆಚ್ಚಿದ್ದು" ಎಂದಳು.

ಬಂದವರು ಚಪ್ಪಲಿ ಹುಡುಕಿಕೊಂಡರು.

ನಾನು ಅವ್ವನನ್ನು ರೋಣಕ್ಕೆ, ನನ್ನ ಬಾಡಿಗೆ ಕೋಣೆಗೆ ಕರೆದುಕೊಂಡು ಬಂದೆ. ದೊಡ್ಡಪ್ಪನ ಮಗ್ಗಗಳು ಒಂದೊಂದಾಗಿ ಬಿದ್ದವು. ಯಾರಾದರೂ ಅವ್ವನನ್ನು ಸಮಾಧಾನ ಮಾಡಲು ಬಂದಾರು ಎಂದು ನಾನು ಕಾದೆ. ಹೆಂಗಸರು ಬಂದರು, ನಿಜ. ತಮ್ಮ ಸೀರೆ ಹಿಡಿದುಕೊಂಡು ಬಂದರು. ಬೆಳವಣಕಿಯ ಒಬ್ಬಾಕೆ ಮಗಳ ಮದುವೆ ಸೀರೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

"ಖರೇ ಹೇಳವಾ, ಇದರ ಹಾಸು ನೀನs ಕೆಚ್ಚಿದ್ದೇನು?"

ಅವ್ವ ಸೀರೆಯ ತುದಿಯನ್ನು ಬೆರಳಿನಲ್ಲಿ ಹಿಡಿದು ನೋಡಿದಳು. "ಹೌದು, ನಂದs ಕೈ. ನಿನ್ನ ಅಳಿಯ ಹ್ಯಾಂಗದಾನ?"

"ಚಲೋ ಅದಾನ."

"ಮಕ್ಕಳು?"

"ಅವೂ ಚಲೋ ಅದಾವು."

"ಮತ್ತ? ಮಡಚಿಕೊಂಡು ಹೋಗು."

ಆಕೆ ಮಡಚಿದಳು. ನೀರು ಕೇಳಿ ಕುಡಿದಳು. ಹೋಗುವಾಗ ಸೀರೆಯನ್ನು ಕಟ್ಟೆಯ ಮೇಲೆಯೇ ಬಿಟ್ಟು, ಪಂಚೆ ಮಾತ್ರ ತೆಗೆದುಕೊಂಡು ಹೋದಳು. ನಾನು ಕೂಗಿದರೂ ತಿರುಗಿ ನೋಡಲಿಲ್ಲ. ಅವ್ವ ಜೋರಾಗಿ ನಕ್ಕು, ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದಳು. "ಈ ಮಂದಿಗೆ ಗಂಡ ಕಣ್ಣಮುಂದ ತಿರುಗ್ಯಾಡಿದ್ರೂ ಅಂಜಿಕಿ ಹೋಗಂಗಿಲ್ಲ ನೋಡು" ಎಂದಳು. ಆ ನಗು ನನಗೆ ಧೈರ್ಯ ಕೊಟ್ಟಿತು. ನಮ್ಮ ಅವ್ವ ಈ ಕಟ್ಟುಪಾಡುಗಳನ್ನೆಲ್ಲ ದಾಟಿಬಿಟ್ಟಳು ಎಂದು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಮುಂದೆ ನನಗೂ ಗಂಡು ಸಿಕ್ಕಿತು. ಹೊಳೆಆಲೂರಿನ ಕಡೆಯ ಮಾಸ್ತರರು. ಮದುವೆಯ ದಿನ ಗಂಡಿನವರು ತಂದ ಸೀರೆಯನ್ನು ಪಕ್ಕಕ್ಕಿಟ್ಟು, ಟ್ರಂಕಿನ ತಳದಿಂದ ಬೆಳವಣಕಿಯವಳು ಬಿಟ್ಟುಹೋದ ಸೀರೆ ತೆಗೆದು ಉಟ್ಟೆ. ಊರ ಮುಖಕ್ಕೆ ಹೊಡೆದ ಹಾಗೆ ಆಗಬೇಕು ಎಂದಿತ್ತು ನನಗೆ. ಕೇಳುವವರಿಗೆ ಹೇಳಿಬಿಡುತ್ತೇನೆ: ನನ್ನ ಗಂಡ ಇವತ್ತಿಗೂ ಗಟ್ಟಿಯಾಗಿದ್ದಾರೆ, ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಬೆಳಿಗ್ಗೆ ಜಗಳ ತೆಗೆದಿದ್ದಾರೆ.

ಅವ್ವ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದಳು. ಮಂಟಪಕ್ಕೆ ಹೋಗುವ ಮೊದಲು ಅವಳಿಗೆ ತೋರಿಸಲು ಓಡಿದೆ. ಸೀರೆಯನ್ನು ಕಂಡೊಡನೆ ಗುರುತು ಹಿಡಿದಳು. ಕಣ್ಣು ಅರಳಿತು. ನೆರಿಗೆ ಓರೆಯಾಗಿತ್ತು, ಸರಿ ಮಾಡಲು ಬಗ್ಗಿ ಕೈ ಚಾಚಿದಳು. ಅಷ್ಟರಲ್ಲಿ ಏನೋ ನೆನಪಾಯಿತು. ಕೈ ಅರ್ಧಕ್ಕೇ ನಿಂತಿತು, ಹಿಂದೆ ಸರಿಯಿತು, ತನ್ನ ಸೆರಗಿನೊಳಗೆ ಸೇರಿಕೊಂಡಿತು.

"ಯಾಕಬೇ?" ಎಂದೆ.

"ಬ್ಯಾಡವಾ. ಒಳ್ಳೇ ಹೊತ್ತಿನ್ಯಾಗ ನನ್ನ ಕೈ ತಾಗೂದು ಬ್ಯಾಡ."

"ಇದರ ಹಾಸು ನೀನs ಕೆಚ್ಚೀಯಲ್ಲ!"

"ಹೌದು" ಎಂದಳು ಅವ್ವ. "ಆದ್ರ ಇದು ಮಂದಿ ಮಗಳಿಗಂತ ಕೆಚ್ಚಿದ್ದು."

ನಾನು ಅವಳ ಕೈಯನ್ನು ಎಳೆದು ನೆರಿಗೆಗೆ ಹಚ್ಚಲು ನೋಡಿದೆ. ಕೊಡಲಿಲ್ಲ. ಮಂಟಪದಲ್ಲಿ ಕರೆಯುತ್ತಿದ್ದರು. ಆ ನೆರಿಗೆಯನ್ನು ಗಂಡಿನ ಕಡೆಯ ಯಾವಳೋ ಮುತ್ತೈದೆ ಸರಿ ಮಾಡಿದಳು.